ಮುಸುಕಿನ ಉದ್ದ, ತಾಯಿಯ ಹೆಜ್ಜೆ

2018ರ ಡಿಸೆಂಬರ್ 1 ಮತ್ತು 2ರಂದು ಜೋಧಪುರದ ಉಮೈದ್ ಭವನ ಅರಮನೆಯಲ್ಲಿ ಪ್ರಿಯಾಂಕಾ ಚೋಪ್ರಾ–ನಿಕ್ ಜೋನಸ್ ವಿವಾಹವು ಮೊದಲು ಕ್ರೈಸ್ತ ವಿಧಿಯಂತೆ, ಮರುದಿನ ಹಿಂದೂ ವಿಧಿಯಂತೆ ನಡೆಯಿತು. ಅದರ ಛಾಯಾಚಿತ್ರಗಳಲ್ಲಿ ಪತ್ರಿಕೆಗಳು ಹೆಚ್ಚಾಗಿ ಕೊಂಡಾಡಿದ್ದು ವಧುವಿನ 75 ಅಡಿಯ ಬಿಳಿಯ ಮುಸುಕನ್ನು, ಮಾರನೆಯ ದಿನದ ಕೆಂಪು ಲೆಹೆಂಗಾವನ್ನು. ಬಟ್ಟೆಯ ಬಣ್ಣ ಬದಲಾದುದನ್ನೇ ಎರಡು ಸಂಸ್ಕೃತಿಗಳ ಸಂಗಮವೆನ್ನುವುದು ಸುಲಭ. ಆದರೆ ಅಷ್ಟು ಸಾಲದು. ಇಗರ್ಜಿಯಲ್ಲಿ ಮಗಳನ್ನು ಕರೆತರುವುದೂ ಮಂಟಪದಲ್ಲಿ ಧಾರೆಯೆರೆಯುವುದೂ ವಾಡಿಕೆಯಂತೆ ತಂದೆಯ ಪಾಲಿನವು. ಈ ವಧುವಿನ ತಂದೆ 2013ರಲ್ಲಿಯೇ ತೀರಿಕೊಂಡಿದ್ದರು. ಕ್ರೈಸ್ತ ವಿಧಿಯ ದಿನ ಮಗಳ ಜೊತೆ ನಡೆದುಬಂದವರು ತಾಯಿ. ಎರಡು ಸಂಪ್ರದಾಯಗಳು ನಿಜವಾಗಿ ಕೂಡುವುದು ಬರಿದಾದ ಆ ಸ್ಥಾನದಲ್ಲಿ. ಮುಸುಕಿನ ಉದ್ದವನ್ನು ಯಾವ ಕ್ಯಾಮೆರಾವಾದರೂ ಅಳೆದೀತು. ಆ ತಾಯಿಯ ಹೆಜ್ಜೆಯನ್ನು ಹಿಡಿದದ್ದೇ ಮದುವೆಯ ಚಿತ್ರ. ಉಳಿದವು ಉಡುಪಿನ ಚಿತ್ರಗಳು.