ಇಸೆಯ ಗುಡಿಗೆ ವಯಸ್ಸೆಷ್ಟು?

ಜಪಾನಿನ ಇಸೆ ಜಿಂಗೂಗೆ ಹೋದರೆ ನಿಮಗೆ ಸ್ವಲ್ಪ ನಿರಾಸೆಯಾಗಬಹುದು. ಉಜಿ ಸೇತುವೆ ದಾಟಿ, ಇಸುಜು ನದಿಯಲ್ಲಿ ಕೈ ತೊಳೆದು, ದೊಡ್ಡ ಸುಗಿ ಮರಗಳ ಕೆಳಗೆ ನಡೆದು ಹೋದರೆ ಎದುರಿಗೆ ಬೇಲಿ! ಸೂರ್ಯದೇವತೆ ಅಮತೆರಾಸುವಿನ ಗುಡಿ ನಾಲ್ಕು ಸುತ್ತು ಬೇಲಿಯ ಹಿಂದಿದೆ. ಕಾಣೋದು ಹುಲ್ಲಿನ ಚಾವಣಿಯ ತುದಿ ಅಷ್ಟೆ. ಫೋಟೋಗೆ ಅನುಮತಿ ಮೆಟ್ಟಿಲ ಕೆಳಗೇ ಮುಗಿಯುತ್ತೆ.

ಈ ಗುಡಿಯನ್ನು 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ದೇವಿಯ ಸಂಕೇತವಾದ ಕನ್ನಡಿಯನ್ನು ರಾತ್ರಿ ಅಲ್ಲಿಗೆ ಸಾಗಿಸಿ, ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಜಿತೋ ಸಾಮ್ರಾಜ್ಞಿಯ ಕಾಲದಲ್ಲಿ ಶುರುವಾದದ್ದು, 2013ಕ್ಕೆ 62ನೇ ಸಲ ನಡೆಯಿತು. "1300 ವರ್ಷಗಳಿಂದ ನಿಲ್ಲದೆ" ಅಂತ ಪ್ರವಾಸಿ ಬರಹಗಳು ಹೇಳ್ತವೆ. ನನ್ನ ತಕರಾರು ಇರೋದು ಈ "ನಿಲ್ಲದೆ" ಅನ್ನೋ ಪದದ ಬಗ್ಗೆ.

ನೀವೇ ಲೆಕ್ಕ ಹಾಕಿ (ನನಗಿದು ವೃತ್ತಿಯ ಚಟ). 1323 ವರ್ಷಕ್ಕೆ 67 ಸಲ ಆಗಬೇಕಿತ್ತು. ಆಗಿರೋದು 62. 15-16ನೇ ಶತಮಾನದ ಯುದ್ಧಗಳ ಕಾಲದಲ್ಲಿ ಒಳಗುಡಿಯ ಕೆಲಸ 120ಕ್ಕೂ ಹೆಚ್ಚು ವರ್ಷ ನಿಂತೇ ಹೋಗಿತ್ತು. ಮತ್ತೆ ಶುರು ಮಾಡಿಸಲು ಊರೂರು ತಿರುಗಿ ಚಂದಾ ಎತ್ತಿದವರಲ್ಲಿ ಸೇಜುನ್ ಮತ್ತು ಶೂಯೋ ಮುಖ್ಯರು. ಇಬ್ಬರೂ ಬೌದ್ಧ ಸನ್ಯಾಸಿನಿಯರು! ಬೌದ್ಧ ಸನ್ಯಾಸಿಗಳನ್ನು ದೂರವೇ ನಿಲ್ಲಿಸುತ್ತಿದ್ದ ಗುಡಿಯದು. 1949ರದ್ದೂ ಯುದ್ಧದ ಸೋಲಿನಿಂದ 1953ಕ್ಕೆ ಹೋಯಿತು.

ವಾಸ್ತುಶಿಲ್ಪಿಗಳ ಹೊಗಳಿಕೆಯೂ ನನಗೆ ಅರ್ಧವೇ ಒಪ್ಪಿಗೆ. 1930ರ ದಶಕದಲ್ಲಿ ಜರ್ಮನಿಯ ಬ್ರೂನೋ ಟೌಟ್ ಇಲ್ಲಿ ಆಡಂಬರವಿಲ್ಲದ ಶುದ್ಧ ರೂಪ ಕಂಡರು; ಕೆನ್ಜೋ ತಾಂಗೆ ಪುಸ್ತಕವನ್ನೇ ಮಾಡಿದರು. ಬರೀ ಮರ, ನಿಜ. ಆದರೆ ಅದೇ ಗುಡಿಗೆ ಚಿನ್ನದ ಬಣ್ಣದ ಲೋಹದ ಪಟ್ಟಿಗಳಿವೆ, ಕಟಕಟೆಯ ಮೇಲೆ ಐದು ಬಣ್ಣದ ಮಣಿಗಳಿವೆ. ಶುದ್ಧತೆ ಹುಡುಕುವವರಿಗೆ ಅವು ಕಾಣಲ್ಲ.

ಬೇಲೂರು ನೋಡಿ ಬೆಳೆದ ನಮಗೆ ಹಳೆಯದು ಅಂದರೆ ಕಲ್ಲು. ನಮ್ಮಲ್ಲಿ "ಜೀರ್ಣೋದ್ಧಾರ" ಅಂತ ಒಂದು ಪದವಿದೆ. ಹಾಳಾದದ್ದನ್ನು ಎತ್ತಿ ನಿಲ್ಲಿಸೋದು. ಇಸೆಯವರು ಹಾಳಾಗೋವರೆಗೆ ಕಾಯೋದೇ ಇಲ್ಲ. ಮರ ಗಟ್ಟಿಯಿರುವಾಗಲೇ ಬಿಚ್ಚುತ್ತಾರೆ. ದೊಡ್ಡ ಕಂಬಗಳು ಉಜಿ ಸೇತುವೆಯ ತೋರಿಗಳಾಗುತ್ತವೆ. ಬಡಗಿಗೆ 20 ವರ್ಷದ ಅಂತರ ಅಂದರೆ ಕಲಿಯುವವನಾಗಿ ಒಮ್ಮೆ, ಕಲಿಸುವವನಾಗಿ ಇನ್ನೊಮ್ಮೆ. 120 ವರ್ಷ ತಪ್ಪಿದ ಮೇಲೆ ಕಟ್ಟಿದವರಿಗೆ ಯಾರು ಕಲಿಸಿದ್ದರು? "ನಿಲ್ಲದೆ" ಅನ್ನೋ ಬರಹಗಳು ಈ ಪ್ರಶ್ನೆಯನ್ನೇ ನುಂಗಿಬಿಡ್ತವೆ.

ಮುಂದಿನದು 2033ಕ್ಕೆ, ಮರ ಕಡಿಯುವ ಮುಂಚಿನ ಪೂಜೆ 2025ರಲ್ಲೇ ಆಗಿದೆ. ಅಷ್ಟರೊಳಗೆ ಹೋದರೆ, ಗುಡಿಗಿಂತ ಪಕ್ಕದ ಖಾಲಿ ಜಾಗ ನೋಡಿ. ಜಲ್ಲಿಕಲ್ಲಿನ ನಡುವೆ ಒಂದು ಪುಟ್ಟ ಮರದ ಗೂಡು. ಅದಕ್ಕೆ ಮಾತ್ರ ಅಷ್ಟೆಲ್ಲ ಬೇಲಿಯಿಲ್ಲ.