ಕವಿಯ ಸ್ವಾತಂತ್ರ್ಯವೂ ರೋಗಿಯ ಹಿತವೂ

ಪ್ರಸಿದ್ಧವಾದ ಇತಿವೃತ್ತವನ್ನು ಕವಿಯು ಮಾರ್ಪಡಿಸಬಹುದೆ ಎಂಬುದು ನಮ್ಮ ಆಲಂಕಾರಿಕರಿಗೆ ಹಳೆಯ ಪ್ರಶ್ನೆ. ರಸಕ್ಕೆ ವಿರೋಧಿಯಾದ ಅಂಶವನ್ನು ಬಿಟ್ಟು ಉಚಿತವಾದುದನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ಅನುಮತಿಯಿತ್ತಿರುವನು. ಮಹಾಭಾರತದ ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿಯೇ ಶಕುಂತಲೆಯನ್ನು ನಿರಾಕರಿಸಿದನು. ಕಾಳಿದಾಸನು ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ಅವನನ್ನು ಆ ಕಳಂಕದಿಂದ ಪಾರುಮಾಡಿದನು. ಚಿತ್ತರೋಗವನ್ನು ವಸ್ತುವಾಗುಳ್ಳ ‘ಎ ಬ್ಯೂಟಿಫುಲ್ ಮೈಂಡ್’ ಎಂಬ 2001ರ ಅಮೆರಿಕದ ಚಲಚ್ಚಿತ್ರವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಉಪಯುಕ್ತವಾದುದು.

ಇದರ ನಾಯಕನು ಗಣಿತಜ್ಞನಾದ ಜಾನ್ ನ್ಯಾಷ್ (1928–2015). 1959ರಲ್ಲಿ ಈತನಿಗೆ ಸ್ಕಿಜೋಫ್ರೇನಿಯಾ ರೋಗವು ಪ್ರಕಟವಾಯಿತು. ದೀರ್ಘಕಾಲ ನರಳಿ ಚೇತರಿಸಿಕೊಂಡು 1994ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಸಿಲ್ವಿಯಾ ನಾಸರ್ 1998ರಲ್ಲಿ ಬರೆದ ಜೀವನಚರಿತ್ರೆಯೇ ಚಿತ್ರಕ್ಕೆ ಮೂಲ. ನಿರ್ದೇಶಕನು ರಾನ್ ಹೊವರ್ಡ್.

ಚಿತ್ರದಲ್ಲಿ ಎರಡು ಮಾರ್ಪಾಡುಗಳು ವಿಚಾರಾರ್ಹವಾಗಿವೆ. ನ್ಯಾಷನಿಗೆ ಕೇಳಿಸಿದುದು ಅಶರೀರವಾದ ಧ್ವನಿಗಳು. ಚಿತ್ರದಲ್ಲಿಯಾದರೋ ಅವು ಕಣ್ಣಿಗೆ ಕಾಣುವ ವ್ಯಕ್ತಿಗಳಾಗಿವೆ. ಅರ್ಧಚಿತ್ರ ಕಳೆಯುವವರೆಗೂ ಅವರು ಇಲ್ಲದವರೆಂದು ಪ್ರೇಕ್ಷಕನಿಗೆ ತಿಳಿಯದು. ಹುಚ್ಚನನ್ನು ದೂರದಿಂದ ನೋಡಿ ಮರುಗಬೇಕಾದವನು ಅವನ ಭ್ರಾಂತಿಯಲ್ಲಿ ತಾನೇ ಪಾಲುಗೊಳ್ಳುತ್ತಾನೆ. ಇದು ಕಾಳಿದಾಸನ ಶಾಪದಂತೆಯೇ ಉಚಿತವಾದ ಕಲ್ಪನೆ.

ಎರಡನೆಯದು ಹಾಗಲ್ಲ. ಚಿತ್ರದ ಕೊನೆಯ ಭಾಗದಲ್ಲಿ ವೃದ್ಧ ನ್ಯಾಷನು, ತಾನು ಹೊಸ ಔಷಧಗಳನ್ನು ಸೇವಿಸುತ್ತಿರುವೆನೆಂದು ಹೇಳುತ್ತಾನೆ. ವಸ್ತುತಃ 1970ರ ಅನಂತರ ಆತನು ಔಷಧವನ್ನೇ ಬಿಟ್ಟಿದ್ದನು. ಚಿತ್ರವನ್ನು ನೋಡಿದ ರೋಗಿಗಳು ತಾವೂ ಬಿಟ್ಟಾರೆಂಬ ಭಯವೇ ಈ ಮಾತಿಗೆ ಕಾರಣವೆನ್ನುತ್ತಾರೆ. ಭಯವೇನೋ ನಿರಾಧಾರವಲ್ಲ: ಔಷಧವನ್ನು ತಟ್ಟನೆ ನಿಲ್ಲಿಸಿದ ಬಹುಮಂದಿಗೆ ರೋಗವು ಮರುಕಳಿಸುವುದು.

ಆದರೆ ಆ ಔಷಧದ ಕೆಲಸವೇನು? 1952ರಲ್ಲಿ ಪ್ಯಾರಿಸಿನ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಮದ್ದು ರೋಗಿಗಳನ್ನು ಶಾಂತಗೊಳಿಸುವುದೆಂದು ಕಂಡರು. 1963ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ನನ ಸಂಶೋಧನೆಯು ಡೋಪಮೈನ್ ಎಂಬ ದ್ರವ್ಯದ ಕಡೆಗೆ ಬೆರಳು ತೋರಿತು. ಮಿದುಳಿನ ಒಂದು ನರಕೋಶವು ಸ್ರವಿಸಿದ ಡೋಪಮೈನ್ ಮತ್ತೊಂದರ ಮೇಲಿರುವ ಗ್ರಾಹಕವನ್ನು ಹೊಕ್ಕು ಸಂದೇಶವನ್ನು ಮುಟ್ಟಿಸುವುದು. ಔಷಧವು ಆ ಸ್ಥಾನವನ್ನು ತಾನೇ ಆಕ್ರಮಿಸಿ ಸಂದೇಶವನ್ನು ತಗ್ಗಿಸುವುದು. ಯಾವುದು ಗಮನಾರ್ಹವೆಂದು ಮನಸ್ಸಿಗೆ ಸೂಚಿಸುವುದು ಡೋಪಮೈನಿನ ಒಂದು ಕೆಲಸ. ಅದು ಮಿತಿಮೀರಿದಾಗ ದಾರಿಹೋಕನ ನೋಟವೂ ಪತ್ರಿಕೆಯ ಅಕ್ಷರವೂ ತನ್ನನ್ನೇ ಕುರಿತವೆಂದು ರೋಗಿಗೆ ತೋರುವುವು ಎಂದು 2003ರಲ್ಲಿ ಶಿತಿಜ್ ಕಪೂರ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಈ ಮತದಂತೆ ಔಷಧವು ಭ್ರಾಂತಿಯನ್ನು ಅಳಿಸದು. ಅದರ ಭಾರವನ್ನು ಇಳಿಸುವುದು. ಧ್ವನಿಯು ಕೇಳಿಸುತ್ತಿದ್ದರೂ ಪೀಡಿಸದು. ಇದಕ್ಕೆ ಬೆಲೆಯೂ ಉಂಟು: ಕೆಲವರಿಗೆ ಕೈಕಾಲುಗಳ ನಡುಕ ಬಿಗಿತ, ಕೆಲವರಿಗೆ ಮೈಭಾರ. ಕೆಲವರಿಗೆ ಗುಣವೇ ಕಾಣದು.

ಇಲ್ಲಿಯೇ ಚಿತ್ರದ ವೈಚಿತ್ರ್ಯವಿರುವುದು. ಕೊನೆಯಲ್ಲಿಯೂ ಆ ಕಲ್ಪಿತವ್ಯಕ್ತಿಗಳು ಮರೆಯಾಗರು. ದೂರದಲ್ಲಿ ನಿಂತೇ ಇರುವರು. ನ್ಯಾಷನು ಅವರನ್ನು ಕಂಡೂ ಕಾಣದಂತೆ ನಡೆಯುವನು. ಭ್ರಾಂತವಿಚಾರಗಳನ್ನು ಬುದ್ಧಿಪೂರ್ವಕವಾಗಿ ತಳ್ಳಿಹಾಕುತ್ತ ಬಂದೆನೆಂದು ನ್ಯಾಷನೇ ಬರೆದುಕೊಂಡಿರುವನು. ಔಷಧವು ಮಾಡುವ ಉಪಕಾರವೂ ಇಂತಹುದೇ. ಹೀಗೆ ಒಂದೇ ದೃಶ್ಯವು ನಾಯಕನ ಸತ್ಯವನ್ನೂ ವೈದ್ಯನ ಸತ್ಯವನ್ನೂ ಧ್ವನಿಸಿತ್ತು. ಧ್ವನಿಯಿಂದ ಸಿದ್ಧವಾದ ಅರ್ಥಕ್ಕೆ ವಾಚ್ಯವಾದ ಅಸತ್ಯದ ಊರೆಗೋಲೇಕೆ?

ದುಷ್ಯಂತನನ್ನು ಅನುಸರಿಸಿ ಮದ್ದು ಬಿಡುವವರಿಲ್ಲ. ನ್ಯಾಷನನ್ನು ನಂಬಿ ಮದ್ದು ಕುಡಿಯುವವರುಂಟು. ಆ ಮಾತು ಸುಳ್ಳೆಂದು ಮುಂದೆ ಅರಿತ ಮನೆಯವರು ಚಿತ್ರವನ್ನು ಮಾತ್ರ ಶಂಕಿಸುವರೆ? ವೈದ್ಯನ ನಿಜವಾದ ಮಾತನ್ನೂ ಶಂಕಿಸುವರು. ನ್ಯಾಷನು ಅಪವಾದ, ನಿಯಮವಲ್ಲ ಎಂದು ನೇರವಾಗಿ ಹೇಳುವುದಕ್ಕೆ ಒಂದೇ ವಾಕ್ಯ ಸಾಕಾಗಿತ್ತು. ಹಿತವನ್ನು ಬಯಸಿದ ಚಿತ್ರಕಾರರು ಸತ್ಯದ ಶಕ್ತಿಯನ್ನು ನಂಬದೆ ಹೋದುದೇ ಇಲ್ಲಿಯ ಅನೌಚಿತ್ಯ.