ಬೂಸಾ ನೆನಪಿದೆ, ಮಲದ ಬುಟ್ಟಿ ಮರೆತಿದೆ

ನಮ್ಮ ಸಭೆಗಳಲ್ಲಿ ಬಿ. ಬಸವಲಿಂಗಪ್ಪನವರ ಹೆಸರು ಬಂತೆಂದರೆ ಅದರ ಹಿಂದೆಯೇ ‘ಬೂಸಾ’ ಬರುತ್ತದೆ. ಚಪ್ಪಾಳೆ ಬೀಳುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಒಬ್ಬ ದಲಿತ ಮಂತ್ರಿಯ ಇಡೀ ರಾಜಕಾರಣ ಒಂದು ಶಬ್ದಕ್ಕೆ ಇಳಿದುಬಿಟ್ಟಿದೆ. ಹೀಗೆ ಇಳಿಸಿದವರು ಅವರ ವಿರೋಧಿಗಳು ಮಾತ್ರ ಅಂತ ನಾವು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಾವೂ ಇಳಿಸಿದ್ದೇವೆ.

ಬೂಸಾಕ್ಕಿಂತ ಮೊದಲಿನ ಮಾತು ಮಲದ್ದು. 1972ರಲ್ಲಿ ಬಂದ ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪ ಪೌರಾಡಳಿತದ ಮಂತ್ರಿ. ಆಗ ಪಟ್ಟಣಗಳ ಹಿತ್ತಿಲುಗಳಲ್ಲಿ ಒಣ ಕಕ್ಕಸುಗಳಿದ್ದವು. ನಮ್ಮ ಜನ ಹಿಂದಿನ ಓಣಿಯಿಂದ ಬಂದು, ಮಲವನ್ನು ಗೋರಿ, ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟು ಊರಾಚೆ ಹೊರಬೇಕಿತ್ತು. ಮಳೆ ಬಂದರೆ ಅದು ಮುಖದ ಮೇಲೆ ಇಳಿಯುತ್ತಿತ್ತು. ಗಾಂಧಿ ಜಯಂತಿ ದಿನ ಪೊರಕೆ ಹಿಡಿದು ನಿಂತವರು ಬೇಕಾದಷ್ಟು ಮಂದಿ. ಆದರೆ ಈ ಬುಟ್ಟಿ ತಲೆಯಿಂದ ಇಳಿಯಬೇಕು ಅಂತ ಸರ್ಕಾರದ ಆಜ್ಞೆ ಹೊರಡಿಸುವುದಕ್ಕೆ ಒಬ್ಬ ಹೊಲೆಯರ ಮನೆಯ ಮಂತ್ರಿ ಬರಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ಅವರು ನಿಷೇಧಿಸಿದರು. ಇದನ್ನು ನಿಷೇಧಿಸುವ ಕಾನೂನನ್ನು ಪಾರ್ಲಿಮೆಂಟು ಮಾಡಿದ್ದು 1993ರಲ್ಲಿ. ನಡುವೆ ಇಪ್ಪತ್ತು ವರ್ಷ ಅಂತರ.

ಈ ಆಜ್ಞೆಗಾಗಿ ಯಾರೂ ಬಸವಲಿಂಗಪ್ಪನವರನ್ನು ಮಂತ್ರಿಗಿರಿಯಿಂದ ಇಳಿಸಲಿಲ್ಲ. ಇಳಿಸಿದ್ದು ಮಾತಿಗೆ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡಿನ ಕಾಲೇಜುಗಳು ಬೀದಿಗೆ ಬಂದವು. ಕನ್ನಡಕ್ಕೆ ಅವಮಾನವಾಯಿತು ಅಂತ ಕೂಗಿದವರು ದಲಿತ ವಿದ್ಯಾರ್ಥಿಗಳನ್ನು ಹೊಡೆದರು, ಹಾಸ್ಟೆಲುಗಳ ಮೇಲೆ ಬಿದ್ದರು. ಹೊಡೆತ ತಿಂದ ಹುಡುಗರ ತಾಯಿನುಡಿಯೂ ಕನ್ನಡವೇ ಅಲ್ಲವೇ? ಅದು ಯಾರಿಗೂ ಹೊಳೆಯಲಿಲ್ಲ. ಕುವೆಂಪು ಅಂಥವರು ಬಸವಲಿಂಗಪ್ಪನವರ ಪರ ಮಾತಾಡಿದರೂ ಬೆಂಕಿ ಆರಲಿಲ್ಲ. ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಬೂಸಾ ಅನ್ನುವುದು ಬೈಗುಳ ಅಂತ ತಿಳಿದವರು ಹಟ್ಟಿಯಲ್ಲಿ ದನಕ್ಕೆ ಬೂಸಾ ಕಲಸಿದವರಲ್ಲ. ಜೀತದ ಆಳಿಗೆ ಗೊತ್ತು, ಕಾಳು ತೆಗೆದ ಮೇಲೆ ಉಳಿದದ್ದು ಬೂಸಾ. ಹಾಗಾದರೆ ಈ ಸಾಹಿತ್ಯದಲ್ಲಿ ನಮ್ಮ ಪಾಲಿನ ಕಾಳು ಎಲ್ಲಿ ಎಂಬುದೇ ಅವರ ಮಾತಿನೊಳಗಿದ್ದ ಪ್ರಶ್ನೆ. ಅದು ಸಾಹಿತ್ಯ ವಿಮರ್ಶೆ. ಅದೇ ವಿಮರ್ಶೆಯನ್ನು ಮೇಲುಜಾತಿಯ ನವ್ಯ ವಿಮರ್ಶಕನೊಬ್ಬ ಮಾಡಿದ್ದರೆ ಪತ್ರಿಕೆಯಲ್ಲಿ ನಾಲ್ಕು ಪತ್ರ ಬರುತ್ತಿದ್ದವು, ಅಷ್ಟೇ.

ಇಲ್ಲಿ ವ್ಯವಸ್ಥೆಯ ಲೆಕ್ಕ ಸ್ಪಷ್ಟವಾಗಿದೆ. ದಲಿತ ಮಂತ್ರಿ ತನ್ನ ಜನರ ಕಷ್ಟ ನೋಡಿಕೊಳ್ಳಲಿ, ಅದಕ್ಕೆ ಅಡ್ಡಿಯಿಲ್ಲ. ಅದು ‘ಅವರ’ ವಿಷಯ. ಆದರೆ ಎಲ್ಲರ ಸೊತ್ತು ಅಂತ ಹೇಳಿಕೊಳ್ಳುವ ಸಾಹಿತ್ಯ, ಧರ್ಮ, ಸಂಸ್ಕೃತಿಯ ಬಗ್ಗೆ ತೀರ್ಪು ಕೊಡಬಾರದು. ಕಕ್ಕಸಿನ ಖಾತೆ ಕೊಡುತ್ತೇವೆ, ಪುಸ್ತಕದ ಕಪಾಟು ಮುಟ್ಟಬೇಡ ಅನ್ನುವ ಒಪ್ಪಂದ. ಬಸವಲಿಂಗಪ್ಪ ಕಪಾಟು ಮುಟ್ಟಿದರು.

ಹಾಗಾದರೆ ಅವರನ್ನು ಉಳಿಸುವ ಶಕ್ತಿ ಯಾಕೆ ಇರಲಿಲ್ಲ? 1932ರ ಪೂನಾ ಒಪ್ಪಂದದಿಂದ ಬಂದ ರಚನೆ ನೋಡಿ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವನು ದಲಿತ, ಗೆಲ್ಲಿಸುವ ಓಟು ಬಹುತೇಕ ಬೇರೆಯವರದ್ದು, ಟಿಕೆಟ್ಟು ಪಕ್ಷದ್ದು. ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರ ಕೇಳಿದ್ದು ಇದೇ ಕಾರಣಕ್ಕೆ. ಗದ್ದಲ ಎದ್ದಾಗ ಹಿಂದುಳಿದವರ ನಾಯಕ ಅರಸರ ಸರ್ಕಾರಕ್ಕೂ ತನ್ನ ಮಂತ್ರಿಗಿಂತ ಬೀದಿಯ ಲೆಕ್ಕವೇ ದೊಡ್ಡದಾಯಿತು. ಬಸವಲಿಂಗಪ್ಪನವರ ಬೆನ್ನಿಗೆ ರಾಜ್ಯದುದ್ದಕ್ಕೂ ನಿಲ್ಲುವ ಸಂಘಟನೆ ಆಗ ಇರಲಿಲ್ಲ. ದಲಿತ ಸಂಘರ್ಷ ಸಮಿತಿ ಬಲವಾಗಿದ್ದು ಈ ಪೆಟ್ಟು ಬಿದ್ದ ಮೇಲೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದರ ಹಿಂದೆಯೂ ಈ ಪೆಟ್ಟಿದೆ.

ಆಮೇಲೆ ಅವರು ಮತ್ತೆ ಮಂತ್ರಿಯಾದರು. 1992ರಲ್ಲಿ ತೀರಿಕೊಂಡರು. ದಲಿತರಿಗೆ ಮಂಜೂರಾದ ಜಮೀನು ಕಂಡವರ ಪಾಲಾಗದಂತೆ, ಹಾಗೆ ಹೋದದ್ದು ಮರಳಿ ಬರುವಂತೆ ಮಾಡುವ 1978ರ ಪರಭಾರೆ ನಿಷೇಧ ಕಾಯ್ದೆ ಅರಸರ ಸರ್ಕಾರದ್ದೇ. ಆ ಕಾಲದ ಕಾಂಗ್ರೆಸ್ಸಿನಿಂದ ನಮಗೆ ಏನೂ ಸಿಗಲಿಲ್ಲ ಅನ್ನುವುದು ಸುಳ್ಳು. ಆದರೆ ಸಿಕ್ಕಿದ್ದೆಲ್ಲ ಮೇಲಿನಿಂದ ಬಂತು. ಮೇಲಿನಿಂದ ಬಂದದ್ದನ್ನು ಉಳಿಸಿಕೊಳ್ಳಲು ಕೆಳಗೆ ಕೈಗಳು ಬೇಕು. ಮಂತ್ರಿಯೊಬ್ಬರ ಧೈರ್ಯಕ್ಕೂ ಒಂದು ಸಮುದಾಯದ ಬಲಕ್ಕೂ ಇರುವ ವ್ಯತ್ಯಾಸ ಇದು. ಬಸವಲಿಂಗಪ್ಪನವರ ರಾಜಕಾರಣದ ಮಿತಿಯೂ ಇದೇ. ಅವರನ್ನು ಗೌರವಿಸುತ್ತಲೇ ನಾವು ಇದನ್ನು ಹೇಳಬೇಕು.

ಈಗ ನಮ್ಮ ತಪ್ಪಿಗೆ ಬರೋಣ. ನಾವು ಬೂಸಾವನ್ನು ಯಾಕೆ ಇಷ್ಟು ನೆನೆಯುತ್ತೇವೆ? ಯಾಕಂದರೆ ನಾವು ಬರೆಯುವವರು. ಆ ಜಗಳದಿಂದ ನಮಗೆ ಸಾಹಿತ್ಯ ಹುಟ್ಟಿತು, ವೇದಿಕೆ ಸಿಕ್ಕಿತು, ಕೆಲವರಿಗೆ ಅಧ್ಯಾಪಕರ ಕುರ್ಚಿಯೂ ಸಿಕ್ಕಿತು. ಬುಟ್ಟಿ ಹೊತ್ತವರಿಗೆ ಏನು ಸಿಕ್ಕಿತು? 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಜನ, ತಾವಿದ್ದ ಜಾಗದಿಂದ ಒಕ್ಕಲೆಬ್ಬಿಸುತ್ತಾರೆಂದು, ಸಾರ್ವಜನಿಕವಾಗಿ ತಮ್ಮ ಮೈಮೇಲೆ ಮಲ ಸುರಿದುಕೊಂಡರು. ಆಜ್ಞೆ ಹೊರಟು ಮೂವತ್ತೈದು ವರ್ಷ ಮೀರಿತ್ತು. ಕಾನೂನು ಬಂದು ಹದಿನೇಳು ವರ್ಷ ಆಗಿತ್ತು. ಆಮೇಲೆ 2013ರಲ್ಲಿ ಇನ್ನೊಂದು ಕಾನೂನು ಬಂತು. ಆಜ್ಞೆ ಬುಟ್ಟಿಯನ್ನು ನಿಷೇಧಿಸಿತು. ಆ ಕೆಲಸ ಯಾವ ಜಾತಿಯದು ಎಂಬ ನಂಬಿಕೆಯನ್ನು ಮುಟ್ಟಲಿಲ್ಲ. ಅದನ್ನು ಮುಟ್ಟಬೇಕಾದವರು ನಾವು. ನಾವು ಬೂಸಾದ ಬಗ್ಗೆ ಭಾಷಣ ಮಾಡುತ್ತ ಕೂತೆವು.

ಬಸವಲಿಂಗಪ್ಪನವರಲ್ಲಿ ಎರಡೂ ಒಂದೇ ಕೆಲಸವಾಗಿತ್ತು. ತಲೆಯ ಮೇಲಿನ ಮಲ ಇಳಿಸುವುದೂ, ತಲೆಯ ಒಳಗಿನ ಹೊಟ್ಟು ತೂರುವುದೂ. ಅದನ್ನು ಎರಡಾಗಿ ಸೀಳಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟವರು ನಾವು. ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟೇ: ಮುಂದಿನ ಸಲ ಬೂಸಾ ಪ್ರಕರಣದ ಬಗ್ಗೆ ಸಭೆ ಕರೆಯುವಾಗ ನಿಮ್ಮ ಊರಿನ ಪೌರಕಾರ್ಮಿಕರನ್ನು ಕರೆಯಿರಿ. ಹಾರ ಹಾಕುವುದಕ್ಕಲ್ಲ. ಮೊದಲು ಅವರು ಮಾತಾಡಲಿ, ನಾವು ಕೆಳಗೆ ಕೂತು ಕೇಳೋಣ.